ಮಂದೆಯ ಬೆನ್ನಿಗೆ ತೋಳದ ಲೆಕ್ಕ

ಸೋಲಾಪುರದಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಹೊರಟವರಿಗೆ ಬೋರಾಮಣಿ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಊರು ಮುಗಿದರೆ ಮತ್ತೆ ಬಯಲು. ಬೇಸಿಗೆಯಲ್ಲಿ ಆ ಬಯಲಿಗೆ ಒಣಹುಲ್ಲಿನದೇ ಬಣ್ಣ. ಅಲ್ಲಲ್ಲಿ ಜಾಲಿ, ಬಾರಿಗಿಡ, ಕೊಯ್ಲಾದ ಜೋಳದ ಕೂಳೆ, ದೂರದಲ್ಲೊಂದು ಕುರಿಮಂದೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇಲ್ಲೇನೂ ಇಲ್ಲ ಅನ್ನಿಸುವುದು ಸಹಜ. ಸರ್ಕಾರಿ ಕಾಗದಗಳೂ ಬಹಳ ಕಾಲ ಇಂಥ ನೆಲವನ್ನು ಬೀಳು, ಬಂಜರು ಎಂದೇ ಬರೆದುಕೊಂಡು ಬಂದಿವೆ.

ಹೆದ್ದಾರಿ ಬಿಟ್ಟು ಗಾಡಿದಾರಿ ಹಿಡಿದು, ಬಿಸಿಲೇರುವ ಮೊದಲು ಮಡ್ಡಿಯ ಮೇಲೆ ಒಂದು ಫರ್ಲಾಂಗು ನಡೆದರೆ ಬೇರೆಯದೇ ಕತೆ. ದಾರಿಯ ನಟ್ಟನಡುವೆ, ಯಾರೋ ಬೇಕೆಂದೇ ಇಟ್ಟು ಹೋದ ಹಾಗೆ, ಹೆಬ್ಬೆರಳು ದಪ್ಪದ ಹಿಕ್ಕೆ ಬಿದ್ದಿರುತ್ತದೆ. ಒಣಗಿ ಬೂದಿಬಣ್ಣಕ್ಕೆ ತಿರುಗಿದೆ. ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ಮೇಕೆಯ ಒರಟು ಕಪ್ಪು ಕೂದಲು, ಎಲುಬಿನ ಚೂರು. ಹತ್ತು ಹೆಜ್ಜೆ ಮುಂದೆ ಅದಕ್ಕಿಂತ ಚಿಕ್ಕದೊಂದು. ಅದರಲ್ಲಿ ಬಾರಿಹಣ್ಣಿನ ಬೀಜ, ಜೀರುಂಡೆಯ ಹೊಳೆಯುವ ಚಿಪ್ಪು, ಇಲಿಯ ಹಲ್ಲು. ಮೊದಲನೆಯದು ತೋಳದ್ದು, ಎರಡನೆಯದು ಸಣ್ಣ ನರಿಯದು. ಇವೆರಡರ ಪಕ್ಕದಲ್ಲೇ ನೂರಾರು ಕುರಿಗೊರಸಿನ ಗುರುತು. ಇನ್ನೊಂದು ಗಳಿಗೆಗೆ ಮಂದೆ ಮತ್ತೆ ಈ ದಾರಿಯಲ್ಲೇ ಬಂದರೆ ಹಿಕ್ಕೆಯೂ ಇಲ್ಲ, ಹೆಜ್ಜೆಯೂ ಇಲ್ಲ.

ಹೀಗೆ ಗೊರಸಿನಡಿ ಅಳಿಸಿ ಹೋಗುವ ಗುರುತುಗಳನ್ನು ಮೊದಲೇ ಓದಿಕೊಂಡು, ಯಾವ ಪ್ರಾಣಿ, ಎಲ್ಲಿ, ಎಷ್ಟು ಎಂದು ಹೇಳುವುದು ಮೇವಿನ ನೆಲದ ಸಮೀಕ್ಷೆ. ಒಂದು ಅರ್ಥದಲ್ಲಿ ಹುಲಿ ಎಣಿಸುವುದಕ್ಕಿಂತ ಇದು ಕಷ್ಟ. ಹುಲಿಯ ಮೈಮೇಲಿನ ಪಟ್ಟೆ ಮನುಷ್ಯರ ಬೆರಳಚ್ಚಿನ ಹಾಗೆ ಒಂದೊಂದಕ್ಕೆ ಒಂದೊಂದು ಬಗೆ. ಫೋಟೊ ಸಿಕ್ಕರೆ ಇದು ಈ ಹುಲಿ, ಅದು ಆ ಹುಲಿ ಎಂದು ಬೇರ್ಪಡಿಸಬಹುದು. ಕತ್ತೆಕಿರುಬಕ್ಕೂ ಪಟ್ಟೆಯಿದೆ. ತೋಳಕ್ಕೆ ಇಲ್ಲ, ನರಿಗೆ ಇಲ್ಲ, ಕಾಡುಬೆಕ್ಕಿಗೆ ಇಲ್ಲ. ಹತ್ತು ರಾತ್ರಿ ತೋಳದ ಹತ್ತು ಚಿತ್ರ ಸಿಕ್ಕರೆ ಅದು ಹತ್ತು ತೋಳವೋ, ಒಂದೇ ತೋಳ ಹತ್ತು ಸಲ ಬಂದದ್ದೋ ಹೇಳುವುದು ಹೇಗೆ? ಮೇಲಾಗಿ ಇದು ಬೇಲಿ ಹಾಕಿದ ಕಾಡಲ್ಲ. ಒಬ್ಬರ ಹೊಲ, ಇನ್ನೊಬ್ಬರ ಬೀಳು, ಊರ ದನಕರು ಮೇಯುವ ಗಾಯರಾಣ, ನಡುವೆ ಅರಣ್ಯ ಇಲಾಖೆಯ ತುಂಡು. ಪ್ರಾಣಿಗೆ ಇವೆಲ್ಲ ಒಂದೇ ನೆಲ.

ಈ ಕೆಲಸ ದಖ್ಖನ್ನಿನಲ್ಲಿ ಇವತ್ತು ನಿನ್ನೆಯದಲ್ಲ. ಮುಂಬಯಿ ಸರ್ಕಾರದ ಅಂಕಿಅಂಶ ವರದಿಗಾರನಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನ್ ಸುತ್ತಿ ಜನ, ಬೆಳೆ, ಮಳೆಯ ಲೆಕ್ಕ ಬರೆದವನು. ಹಾಗೆ ಸುತ್ತುವಾಗಲೇ ಇಲ್ಲಿನ ಸಸ್ತನಿಗಳ ಪಟ್ಟಿಯನ್ನೂ ಮಾಡಿ 1831ರಲ್ಲಿ ಪ್ರಕಟಿಸಿದ. ಭಾರತದ ತೋಳಕ್ಕೆ ವಿಜ್ಞಾನದ ಹೆಸರು ಬಂದದ್ದು ಆ ಪಟ್ಟಿಯಿಂದ. ಅವನು ಕೊಟ್ಟ ಹೆಸರು ಕ್ಯಾನಿಸ್ ಪಲ್ಲಿಪೆಸ್, ಅಂದರೆ ಮಾಸಲು ಕಾಲಿನದು. ಈಗಲೂ ಪುಸ್ತಕಗಳಲ್ಲಿ ಭಾರತದ ತೋಳದ ಮೂಲನೆಲೆ ಎಂದು ದಾಖಲಾಗಿರುವುದು ದಖ್ಖನ್. ಸಣ್ಣ ನರಿಗೂ ಅವನೊಂದು ಹೆಸರಿಟ್ಟ. ಮರಾಠಿಗರು ಅದನ್ನು ಕರೆಯುತ್ತಿದ್ದ ಮಾತನ್ನೇ ಎತ್ತಿಕೊಂಡು ಕೋಕ್ರೀ ಎಂದು ಬರೆದ. ಅದಕ್ಕೂ ಮೊದಲೇ ಬೇರೆಯವರು ಬಂಗಾಳದ ಹೆಸರಿನಲ್ಲಿ ಅದನ್ನು ದಾಖಲಿಸಿದ್ದರಿಂದ ಆ ಹೆಸರು ನಿಲ್ಲಲಿಲ್ಲ.

ಸೈಕ್ಸ್ ಊರ ಜನರ ಬಾಯಿಂದ ಹೆಸರು ಕೇಳಿ ಬರೆದುಕೊಂಡನಲ್ಲ, ಅದು ದೊಡ್ಡ ಪಾಠ. ಏಕೆಂದರೆ ಸೋಲಾಪುರ, ಅಕ್ಕಲಕೋಟೆಯ ಸೀಮೆಯಲ್ಲಿ ಸಮೀಕ್ಷೆ ಮೊದಲು ಎಡವುವುದೇ ಹೆಸರಿನಲ್ಲಿ.

ಇದು ಎರಡು ಮಾತಿನ ನೆಲ. ಸೋಲಾಪುರ ಸೊನ್ನಲಿಗೆಯಾಗಿದ್ದ ಕಾಲದ ವಚನಕಾರ ಸಿದ್ಧರಾಮನ ನಾಡು. ದನ ಕಾಯುತ್ತಿದ್ದ ಹುಡುಗ ಸಿದ್ಧರಾಮನ ಮುಂದೆ ಶ್ರೀಶೈಲದ ಮಲ್ಲಯ್ಯ ಜಂಗಮನಾಗಿ ಬಂದು ನಿಂತ ಕತೆಯೂ ನಡೆಯುವುದು ಇಂಥದೇ ಮೇವಿನ ಹೊಲದಲ್ಲಿ. ಅಕ್ಕಲಕೋಟೆ ತಾಲೂಕಿನ ಎಷ್ಟೋ ಊರುಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮರಾಠಿಯಲ್ಲಿ ಲಾಂಡಗಾ ಅಂದರೆ ತೋಳ, ಕೋಲ್ಹಾ ಅಂದರೆ ದೊಡ್ಡ ನರಿ, ಖೋಕಡ ಅಂದರೆ ಸಣ್ಣ ನರಿ, ತರಸ ಅಂದರೆ ಕತ್ತೆಕಿರುಬ. ಕನ್ನಡದ ಬಳಕೆಮಾತಿನಲ್ಲಿ ನರಿ ಅಂದರೆ ಸಾಕು, ದೊಡ್ಡದೂ ಅದೇ, ಸಣ್ಣದೂ ಅದೇ. ಊಳಿಡುವುದೂ ನರಿ, ಹುಲ್ಲಿನ ಬುಡದಲ್ಲಿ ಬಿಲ ತೋಡುವುದೂ ನರಿ. ಮರಾಠಿ ನಮೂನೆ ಹಿಡಿದು ಬಂದವರು ಕೋಲ್ಹಾ ಇದೆಯೇ ಎಂದು ಕೇಳುತ್ತಾರೆ, ಕುರಿಗಾಹಿ ನರಿ ಅದ ಅನ್ನುತ್ತಾನೆ. ಎರಡು ಬೇರೆ ಪ್ರಾಣಿಗಳ ಲೆಕ್ಕ ಒಂದೇ ಮನೆಯಲ್ಲಿ ಬೀಳುತ್ತದೆ.

ಇವೆರಡರ ನಡುವಿನ ಅಂತರ ಸಣ್ಣದಲ್ಲ. ದೊಡ್ಡ ನರಿ ಎಂಟು ಹತ್ತು ಕಿಲೋ ತೂಗುವ ಪ್ರಾಣಿ. ಕಬ್ಬಿನ ತೋಟ, ಊರ ತಿಪ್ಪೆ, ಹಳ್ಳದ ದಂಡೆ ಎಲ್ಲಿ ಬೇಕಾದರೂ ಹೊಂದಿಕೊಂಡು ಬದುಕುತ್ತದೆ. ಸಣ್ಣ ನರಿ ಮೂರು ಕಿಲೋ ತೂಗಿದರೆ ಹೆಚ್ಚು. ತೆಳು ಮೈ, ದೊಡ್ಡ ಕಿವಿ, ಮೈಯ ಅರ್ಧಕ್ಕಿಂತ ಉದ್ದದ ಪೊದೆಬಾಲ, ಬಾಲದ ತುದಿ ಕಪ್ಪು. ಬಯಲಿಲ್ಲದೆ ಅದಕ್ಕೆ ಬಾಳಿಲ್ಲ. ಒಂದು ಊರಿನಲ್ಲಿ ನರಿ ಬೇಕಾದಷ್ಟಿದೆ ಎಂದು ಬರೆದುಕೊಂಡು ಬಂದವರು ದೊಡ್ಡ ನರಿಯ ಲೆಕ್ಕದ ಹಿಂದೆ ಸಣ್ಣ ನರಿ ಕಣ್ಮರೆಯಾದದ್ದನ್ನು ಗಮನಿಸದೇ ಹೋಗಬಹುದು. ಅದಕ್ಕೇ ಬಲ್ಲವರು ಹೆಸರು ಕೇಳುವುದಿಲ್ಲ, ಚಿತ್ರ ತೋರಿಸುತ್ತಾರೆ. ಜೊತೆಗೆ ಆ ಸೀಮೆಯಲ್ಲಿ ಎಂದೂ ಇರದ ಒಂದು ಪ್ರಾಣಿಯ ಚಿತ್ರವನ್ನೂ ಸೇರಿಸಿರುತ್ತಾರೆ. ಅದನ್ನೂ ನೋಡಿದ್ದೇನೆ ಅಂದವರ ಉಳಿದ ಉತ್ತರಗಳನ್ನು ತುಸು ಎಚ್ಚರದಿಂದ ಓದಬೇಕು.

ಸೋಲಾಪುರದ ಬಯಲುಗಳಿಗೆ ವಿಜ್ಞಾನಿಗಳು ಬರತೊಡಗಿದ್ದು ಒಂದು ಹಕ್ಕಿಯ ದೆಸೆಯಿಂದ. ಕನ್ನಡದಲ್ಲಿ ಎರೆಭೂತ, ಎರ್ಲಡ್ಡು ಎಂದೂ ಮರಾಠಿಯಲ್ಲಿ ಮಾಳಢೋಕ ಎಂದೂ ಕರೆಯುವ ಆ ಭಾರಿ ಹಕ್ಕಿಗಾಗಿ 1979ರಲ್ಲಿ ಸೋಲಾಪುರ ಮತ್ತು ಅಹಮದನಗರ ಜಿಲ್ಲೆಗಳ 8,496 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಸಾರಿದರು. ಸೋಲಾಪುರದ ಹತ್ತಿರದ ನಾನ್ನಜ್ ಅದರ ಹೃದಯ. ಇಷ್ಟು ದೊಡ್ಡ ಗೆರೆಯೊಳಗೆ ಊರು, ಪೇಟೆ, ತೋಟ, ಹೊಲ ಎಲ್ಲವೂ ಬಂದವು. ತಮ್ಮದೇ ಹೊಲ ಮಾರಲು, ಬಾವಿ ತೋಡಲು, ಕಟ್ಟಡ ಕಟ್ಟಲು ಅಡ್ಡಿಯಾದಾಗ ರೈತರು ಸಿಟ್ಟಾದರು. ಅವರ ಸಿಟ್ಟು ನ್ಯಾಯದ್ದೇ. ಕೊನೆಗೆ ಗೆರೆ 1,222 ಚದರ ಕಿಲೋಮೀಟರಿಗೆ ಇಳಿಯಿತು. ಅಷ್ಟರಲ್ಲಿ ಹಕ್ಕಿ ಬಹುಮಟ್ಟಿಗೆ ಹೋಗಿತ್ತು. ಆದರೆ ಹಕ್ಕಿಯನ್ನು ಹುಡುಕಿ ಬಂದವರ ಕಣ್ಣಿಗೆ ಚಿಗರಿ ಎನ್ನುವ ಕೃಷ್ಣಮೃಗ, ತೋಳ, ಸಣ್ಣ ನರಿ ಬಿದ್ದವು. ದೇಶದಲ್ಲಿ ತೋಳದ ಬಗ್ಗೆ ಇವತ್ತು ನಮಗೆ ಗೊತ್ತಿರುವ ಎಷ್ಟೋ ಸಂಗತಿ ಸಿಕ್ಕಿದ್ದು ಈ ಜಿಲ್ಲೆಯ ಹೊಲಗಳಲ್ಲಿ.

ಸಂಶೋಧಕರಾದ ಸತೀಶ್ ಕುಮಾರ್ ಮತ್ತು ಅಸದ್ ರಹಮಾನಿ ನಾನ್ನಜ್‌ನಲ್ಲಿ ತೋಳ ಹಿಡಿದ ಕುರಿಮೇಕೆಗಳ ಅಧ್ಯಯನ ನಡೆಸಿ 2000ದಲ್ಲಿ ಪ್ರಕಟಿಸಿದರು. ಮುಂದೆ ಬಿಲಾಲ್ ಹಬೀಬ್ ಅಲ್ಲಿನ ತೋಳಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಹಗಲಿರುಳು ಬೆನ್ನುಹತ್ತಿದರು. ಒಂದು ಗುಂಪು ಓಡಾಡುವ ಸೀಮೆ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಅಂದರೆ ಒಂದೇ ಗುಂಪು ಒಂದೇ ವಾರದಲ್ಲಿ ಹಲವಾರು ಊರುಗಳ ಶಿವಾರ ಹಾಯುತ್ತದೆ. ಒಂದು ಊರಿನವರು ಐದು ತೋಳ ಎನ್ನುತ್ತಾರೆ, ಪಕ್ಕದ ಊರಿನವರೂ ಐದು ಎನ್ನುತ್ತಾರೆ, ಅದರಾಚೆಯವರೂ ಐದು ಎನ್ನುತ್ತಾರೆ. ಕೂಡಿಸಿದರೆ ಹದಿನೈದು. ಇದ್ದದ್ದು ಐದೇ.

ಹಬೀಬ್ ಮತ್ತು ಸತೀಶ್ ಕುಮಾರ್ 2007ರಲ್ಲಿ ಬರೆದ ಇನ್ನೊಂದು ಸಂಗತಿ ಸಮೀಕ್ಷೆಗೆ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಮರಿ ಹಾಕಿದ ತೋಳ ಒಂದೇ ಗುಹೆಯಲ್ಲಿ ಕೂರುವುದಿಲ್ಲ. ಬಿಲದಿಂದ ಬಿಲಕ್ಕೆ ಮರಿಗಳನ್ನು ಸಾಗಿಸುತ್ತಲೇ ಇರುತ್ತದೆ. ಮನುಷ್ಯರ ಓಡಾಟ ಅದಕ್ಕೊಂದು ಕಾರಣ. ಈ ಸೀಮೆಯಲ್ಲಿ ತೋಳ ಮರಿ ಹಾಕುವುದು ಚಳಿಗಾಲದಲ್ಲಿ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುವ ಕಾಲ ಅದು. ಬಿಲ ಸಿಕ್ಕಿತೆಂದು ಹತ್ತಿರ ಹೋಗಿ ಎಣಿಸಿದರೆ ಆ ರಾತ್ರಿಯೇ ಬಿಲ ಖಾಲಿ. ಎಣಿಕೆಯೇ ಪ್ರಾಣಿಯನ್ನು ಓಡಿಸಿದ ಹಾಗಾಯಿತು.

ಸಣ್ಣ ನರಿಯ ಮೇಲೆ ಅಬಿ ತಮೀಮ್ ವನಕ್ ಮಾಡಿದ ಕೆಲಸವೂ ನಾನ್ನಜ್ ಸುತ್ತಿನದೇ. ಅವರೂ ಸಂಗಡಿಗರೂ ತಟ್ಟೆಗಳಲ್ಲಿ ತಿಂಡಿಯಿಟ್ಟು, ಹತ್ತಿರದಲ್ಲಿ ನಾಯಿ ಇದ್ದಾಗ ನರಿ ಏನು ಮಾಡುತ್ತದೆ, ಇಲ್ಲದಾಗ ಏನು ಮಾಡುತ್ತದೆ ಎಂದು ನೋಡಿದರು. ನಾಯಿ ಇದ್ದರೆ ನರಿ ತಿನ್ನುವುದು ಕಡಿಮೆಯಾಗುತ್ತಿತ್ತು. ಕಚ್ಚಬೇಕೆಂದಿಲ್ಲ, ಅಟ್ಟಬೇಕೆಂದಿಲ್ಲ, ನಾಯಿ ಅಲ್ಲಿದ್ದರೇ ಸಾಕು. ಗಿರೀಶ್ ಪಂಜಾಬಿ, ರವಿ ಚೆಲ್ಲಂ ಮತ್ತು ವನಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಬಾಗಿಲು ತೆರೆಯಿತು. ಸಣ್ಣ ನರಿ ಹೊಲಗಳಲ್ಲಿ ತಿರುಗಾಡಿದರೂ ಮರಿ ಹಾಕಲು ಹುಡುಕುವುದು ಮೂಲ ಹುಲ್ಲುಗಾವಲನ್ನೇ. ಆ ಹುಲ್ಲುಗಾವಲು ಈ ಸೀಮೆಯಲ್ಲಿ ಉಳಿದಿರುವುದು ಬಹಳ ಕಡಿಮೆ. ನೇಗಿಲು ಬಿದ್ದ ನೆಲದ ನಡುವೆ ನೇಗಿಲು ಬೀಳದ ಹತ್ತು ಎಕರೆ ಮಡ್ಡಿ ಇದ್ದರೆ ಅದು ಆ ಸುತ್ತಿನ ನರಿಗಳಿಗೆಲ್ಲ ಹೆರಿಗೆಮನೆ.

ಹಾಗಾದರೆ ಎಣಿಸುವುದು ಹೇಗೆ?

ಚಿಗರಿಯಂಥ ಹಗಲು ಮೇಯುವ ಪ್ರಾಣಿಗೆ ದಾರಿ ನೇರ. ನಕ್ಷೆಯ ಮೇಲೆ ಗೆರೆ ಎಳೆದುಕೊಂಡು ಅದೇ ಗೆರೆಯ ಮೇಲೆ ನಡೆಯುವುದು, ಹಿಂಡು ಕಂಡಾಗ ಎಷ್ಟು ತಲೆ, ಎಷ್ಟು ದೂರ, ಯಾವ ಕೋನದಲ್ಲಿ ಎಂದು ಬರೆದುಕೊಳ್ಳುವುದು. ಗೆರೆಯಿಂದ ದೂರ ಹೋದಂತೆ ಕಣ್ಣಿಗೆ ತಪ್ಪುವುದು ಹೆಚ್ಚುತ್ತದೆ. ಎಷ್ಟು ತಪ್ಪುತ್ತದೆ ಎಂಬುದನ್ನು ದೂರದ ಲೆಕ್ಕದಿಂದಲೇ ಅಂದಾಜು ಮಾಡಿ, ಕಾಣದ್ದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಬೋಳುಬಯಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಜೋಳ ಎದ್ದು ನಿಂತ ಕಾಲದಲ್ಲಿ ಕರಿಗಂಡು ಚಿಗರಿ ಮೂವತ್ತು ಹೆಜ್ಜೆಯಲ್ಲಿದ್ದರೂ ಕಾಣುವುದಿಲ್ಲ. ಅದಕ್ಕೇ ಒಂದೇ ಕಾಲದ ಲೆಕ್ಕವನ್ನು ನಂಬಬಾರದು.

ರಾತ್ರಿ ತಿರುಗುವ ಪ್ರಾಣಿಗಳಿಗೆ ಗುರುತೇ ಗತಿ. ಕತ್ತೆಕಿರುಬದ ಮುಂಗಾಲ ಹೆಜ್ಜೆ ಹಿಂಗಾಲಿನದಕ್ಕಿಂತ ದೊಡ್ಡದು. ಎಲುಬು ಅಗಿಯುವ ಪ್ರಾಣಿಯಾದ್ದರಿಂದ ಅದರ ಹಿಕ್ಕೆ ಒಣಗಿದಾಗ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಕಾಡುಬೆಕ್ಕಿನ ಹೆಜ್ಜೆ ದುಂಡಗೆ, ಉಗುರಿನ ಗುರುತಿಲ್ಲ. ತೋಳ ಮತ್ತು ನಾಯಿಯ ಹೆಜ್ಜೆ ಬೇರ್ಪಡಿಸುವುದು ನುರಿತವರಿಗೂ ಕಷ್ಟ. ಒಂದು ಹೆಜ್ಜೆ ನೋಡಿ ಹೇಳಲಾಗದು, ಸಾಲು ನೋಡಬೇಕು. ನಾಯಿ ಅತ್ತಿತ್ತ ಮೂಸುತ್ತ ಸೊಟ್ಟಸೊಟ್ಟ ಹೋಗುತ್ತದೆ. ಎಲ್ಲಿಗೋ ಹೊರಟ ತೋಳ ನೂಲು ಹಿಡಿದ ಹಾಗೆ ನೇರ ಹೋಗುತ್ತದೆ, ಹಿಂಗಾಲು ಮುಂಗಾಲಿನ ಗುರುತಿನಲ್ಲೇ ಬೀಳುತ್ತದೆ. ಹಿಕ್ಕೆಯಲ್ಲಿ ಸಿಕ್ಕ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಪದರದ ವಿನ್ಯಾಸದಿಂದ ಅದು ಕುರಿಯದೋ ಚಿಗರಿಯದೋ ಮೊಲದ್ದೋ ತಿಳಿಯುತ್ತದೆ. ಹಿಕ್ಕೆಯಲ್ಲಿನ ಡಿಎನ್‌ಎಯಿಂದ ಹಾಕಿದ ಪ್ರಾಣಿ ಯಾವುದೆಂದೂ ತಿಳಿಯಬಹುದು.

ಕ್ಯಾಮೆರಾ ಬಲೆ ಕಾಡಿನಲ್ಲಿ ಒಳ್ಳೆಯ ಸಾಧನ, ಮೇವಿನ ಹೊಲದಲ್ಲಿ ತಲೆನೋವು. ಇನ್ನೂರು ಕುರಿಗಳ ಮಂದೆ ಒಂದು ಸಲ ಮುಂದೆ ಹಾದರೆ ನೂರಾರು ಫೋಟೊ ಕುರಿಗಳದೇ. ಗಾಳಿಗೆ ಹುಲ್ಲು ಅಲ್ಲಾಡಿದರೂ ಕ್ಲಿಕ್ಕು. ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ನಸುಕಿನಲ್ಲಿ ಹೊಲದ ಕಡೆ ಹೋಗುವ ಹೆಣ್ಣುಮಕ್ಕಳಿರುತ್ತಾರೆ. ಊರವರನ್ನು ಕೇಳದೆ, ತಿಳಿಸದೆ ಕ್ಯಾಮೆರಾ ಕಟ್ಟುವುದು ತಪ್ಪು. ಪಂಚಾಯಿತಿಯಲ್ಲಿ ಹೇಳಿ, ಹೊಲದ ಯಜಮಾನರ ಒಪ್ಪಿಗೆ ಪಡೆದು, ಮನುಷ್ಯರ ಚಿತ್ರ ಬಂದರೆ ಅಳಿಸುವುದಾಗಿ ಮಾತು ಕೊಟ್ಟು ಕಟ್ಟಬೇಕು. ಹಾಗೆ ಮಾಡಿದ ಕಡೆ ಊರವರೇ ಕ್ಯಾಮೆರಾ ಕಾಯುತ್ತಾರೆ.

ತೋಳಕ್ಕೆ ಇನ್ನೊಂದು ಉಪಾಯವಿದೆ, ಅದರ ದನಿ. ಸೌಗತ ಸಾಧುಖಾನ್, ಹಾಲಿ ರೂಟ್-ಗಟರಿಜ್ ಮತ್ತು ಬಿಲಾಲ್ ಹಬೀಬ್ ಭಾರತದ ತೋಳದ ಊಳುಗಳನ್ನು ಧ್ವನಿಮುದ್ರಿಸಿ, ಏರಿಳಿತಗಳನ್ನು ಅಳೆದು, ಒಂದೊಂದು ತೋಳದ ಊಳಿಗೂ ತನ್ನದೇ ಗುರುತಿದೆ ಎಂದು 2021ರಲ್ಲಿ ತೋರಿಸಿದರು. ಕತ್ತಲಲ್ಲಿ ದನಿ ಕೇಳಿಯೇ ನೆರೆಯವರನ್ನು ಗುರುತಿಸುವುದಿಲ್ಲವೇ, ಹಾಗೆ. ಪಟ್ಟೆಯಿಲ್ಲದ ಪ್ರಾಣಿಗೆ ದನಿಯೇ ಪಟ್ಟೆಯಾಯಿತು.

ಮಹಾರಾಷ್ಟ್ರದ ಅರಣ್ಯ ಇಲಾಖೆ ಪ್ರತಿವರ್ಷ ಬುದ್ಧ ಪೂರ್ಣಿಮೆಯ ರಾತ್ರಿ, ನಮ್ಮ ಕಡೆ ಆಗಿ ಹುಣ್ಣಿಮೆ ಎನ್ನುವ ದಿನ, ನೀರಿನ ಹೊಂಡಗಳ ಬಳಿ ಅಟ್ಟಣಿಗೆಯ ಮೇಲೆ ಜನರನ್ನು ಕೂರಿಸಿ ನೀರಿಗೆ ಬಂದ ಪ್ರಾಣಿಗಳನ್ನು ಎಣಿಸುತ್ತದೆ. ಬೆಳದಿಂಗಳಲ್ಲಿ ಚಿಗರಿ ಹಿಂಡು ನೀರಿಗಿಳಿಯುವುದನ್ನು ನೋಡಿದವರು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಜನರನ್ನು ನೆಲದ ಕಡೆ ತಿರುಗಿಸಲು ಇದು ಚೆಂದದ ದಾರಿ, ಆದರೆ ಲೆಕ್ಕವಾಗಿ ಇದಕ್ಕೆ ಮಿತಿಯಿದೆ. ಹೊಲಗಳ ಸೀಮೆಯಲ್ಲಿ ಈಗ ಕೃಷಿಹೊಂಡಗಳಿವೆ, ಸೋರುವ ಪೈಪುಗಳಿವೆ, ಕಬ್ಬಿನ ಕಾಲುವೆಯಿದೆ. ಇಲಾಖೆಯ ಹೊಂಡಕ್ಕೇ ಬರಬೇಕೆಂಬ ಗರಜು ತೋಳಕ್ಕಿಲ್ಲ. ಒಂದು ರಾತ್ರಿ ಬರಲಿಲ್ಲವೆಂದರೆ ಇಲ್ಲವೆಂದು ಅರ್ಥವಲ್ಲ.

ಸಮೀಕ್ಷೆಯ ಗುಟ್ಟೆಲ್ಲ ಈ ಕೊನೆಯ ಮಾತಿನಲ್ಲಿದೆ. ಒಂದು ಮಡ್ಡಿಯಲ್ಲಿ ಸಣ್ಣ ನರಿ ನಿಜಕ್ಕೂ ವಾಸವಾಗಿದೆ, ಒಂದು ಸಲ ನಡೆದಾಗ ಅದರ ಗುರುತು ಸಿಗುವ ಸಂಭವ ಹತ್ತಕ್ಕೆ ಮೂರು ಎಂದಿಟ್ಟುಕೊಳ್ಳೋಣ. ಒಂದೇ ಸಲ ನಡೆದು ಬಂದವರು ನೂರಕ್ಕೆ 70 ಬಾರಿ ಇಲ್ಲ ಎಂದೇ ಬರೆಯುತ್ತಾರೆ. ಅದೇ ಮಡ್ಡಿಯಲ್ಲಿ ಬೇರೆ ಬೇರೆ ದಿನ ಐದು ಸಲ ನಡೆದರೆ ಐದೂ ಸಲ ತಪ್ಪಿಹೋಗುವ ಸಂಭವ ನೂರಕ್ಕೆ 17ಕ್ಕೆ ಇಳಿಯುತ್ತದೆ. ಹತ್ತು ಸಲ ನಡೆದರೆ ಮೂರಕ್ಕಿಂತ ಕಡಿಮೆ. ಪ್ರಾಣಿ ಮೊದಲಿನಿಂದಲೂ ಅಲ್ಲೇ ಇತ್ತು, ಬದಲಾದದ್ದು ನಡೆದವರ ತಾಳ್ಮೆ ಮಾತ್ರ. ಒಂದು ದಿನ ಜೀಪಿನಲ್ಲಿ ಸುತ್ತಿ ಬರೆದ ವರದಿಗೂ ನಾಲ್ಕು ಕಾಲ ನಡೆದು ಬರೆದ ವರದಿಗೂ ಇರುವ ಅಂತರ ಇದು.

ಆದರೆ ನಾಲ್ಕು ಕಾಲವೂ, ಪ್ರತಿದಿನವೂ ಆ ನೆಲದ ಮೇಲೆ ನಡೆಯುವವರು ಈಗಾಗಲೇ ಇದ್ದಾರೆ. ಅವರೇ ಕುರಿ ಕಾಯುವವರು. ಮರಾಠಿಯಲ್ಲಿ ಧನಗರರು, ಕನ್ನಡದಲ್ಲಿ ಕುರುಬರು, ದೇವರು ಬೀರಪ್ಪ. ಮಂಗಳವೇಢೆ ತಾಲೂಕಿನ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಕುರಿಗಾಹಿಗಳು ದೀಪಾವಳಿಯಲ್ಲಿ ಕೂಡುತ್ತಾರೆ. ಅವರಿಗೆ ಗಡಿ ಎಂಬುದು ಮೇವು ಮುಗಿಯುವ ಜಾಗ. ಯಾವ ಹಳ್ಳದ ಮೂಲೆಯಲ್ಲಿ ಈ ವರ್ಷ ತೋಳದ ಮರಿ ಕಂಡಿತು, ಯಾವ ದಿನ್ನೆಯ ಮೇಲೆ ಗಂಡು ಚಿಗರಿ ದಿನವೂ ಹಿಕ್ಕೆಯ ಗುಡ್ಡೆ ಹಾಕುತ್ತದೆ, ಕತ್ತೆಕಿರುಬ ಎಷ್ಟು ವರ್ಷದಿಂದ ಕಾಣಿಸಿಲ್ಲ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಇರಾವತಿ ಮಜಗಾಂವಕರ್, ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪಶ್ಚಿಮ ಮಹಾರಾಷ್ಟ್ರದ ದೊಡ್ಡ ಸಮೀಕ್ಷೆ ನಿಂತದ್ದೇ ನೆಲ ಬಲ್ಲವರನ್ನು ಕೇಳಿ ಪಡೆದ ಮಾಹಿತಿಯ ಮೇಲೆ. ಅಭಯಾರಣ್ಯದ ಹೊರಗೆ, ಜನ ಬಾಳುವ ನೆಲದಲ್ಲೇ ಚಿರತೆ, ತೋಳ, ಕತ್ತೆಕಿರುಬ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬಳಸುತ್ತಿವೆ ಎಂಬುದು ಅದರಿಂದ ಹೊರಬಂತು.

ಕುರಿಗಾಹಿಯ ಮಾತು ಕೇಳುವುದೆಂದರೆ ಅವನ ನಷ್ಟವನ್ನೂ ಕೇಳುವುದು. ಮಂದೆಯಿಂದ ಒಂದು ಕುರಿ ಹೋದರೆ ಒಂದು ತಿಂಗಳ ಸಂತೆಯ ಖರ್ಚು ಹೋದ ಹಾಗೆ. ಸರ್ಕಾರದ ಪರಿಹಾರವಿದೆ, ಅದಕ್ಕೆ ಪಂಚನಾಮೆಯಾಗಬೇಕು, ಅದಕ್ಕೆ ಸತ್ತ ಕುರಿ ಸಿಗಬೇಕು. ಊರೂರು ಅಲೆಯುವ ಮಂದೆಯವನು ಒಂದು ಕುರಿಗಾಗಿ ಮೂರು ದಿನ ಒಂದೇ ಕಡೆ ಕಾಯುತ್ತ ಕೂತರೆ ಉಳಿದ ಕುರಿಗಳ ಮೇವಿನ ಗತಿಯೇನು? ಇಷ್ಟಾದರೂ ತೋಳನ ಪಾಲು ತೋಳನಿಗೆ ಎನ್ನುವ ಕುರಿಗಾಹಿಗಳು ಇನ್ನೂ ಇದ್ದಾರೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯೂ ಇದೇ ನಾಡಿನದು. ಕಲ್ಲು ಎಸೆದದ್ದು ಕುರಿಗಾಹಿಗಳಷ್ಟೇ ಅಲ್ಲ. ಬ್ರಿಟಿಷ್ ಸರ್ಕಾರ ಸತ್ತ ತೋಳಕ್ಕೆ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತೋಳ ಕೊಲ್ಲಲ್ಪಟ್ಟವು ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜು ಮಾಡಿದ್ದಾರೆ. ನಮ್ಮಲ್ಲಿ ತೋಳದ ಮೊದಲ ದೊಡ್ಡ ಲೆಕ್ಕ ಚರ್ಮದ ಲೆಕ್ಕ. ಈಗ ದೇಶದಲ್ಲಿ ಉಳಿದಿರುವುದು ಸುಮಾರು 3,100 ತೋಳ ಎಂಬುದು ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜು.

ಇಂದಿನ ಕೇಡು ಬಂದೂಕಿನದಲ್ಲ, ನಾಯಿಯದು. ಊರಂಚಿನ ಕಸದಲ್ಲಿ ಬೆಳೆದ ನಾಯಿಗಳ ಹಿಂಡು ಬಯಲಿಗೆ ಬಂದಾಗ ಸಣ್ಣ ನರಿ ಹೆದರಿ ತಿನ್ನುವುದು ಬಿಡುತ್ತದೆ. ನಾಯಿಗಳ ರೋಗ ನರಿಗಳಿಗೆ ತಗಲುವುದನ್ನು ಅನಿರುದ್ಧ ಬೇಲ್ಸರೆ ಮತ್ತು ಸಂಗಡಿಗರು ನಾನ್ನಜ್ ಸುತ್ತಲೇ ಅಧ್ಯಯನ ಮಾಡಿದ್ದಾರೆ. ಪುಣೆಯ ಬಳಿ ನಾಯಿ ಮತ್ತು ತೋಳ ಬೆರೆತು ಹುಟ್ಟಿದ ಪ್ರಾಣಿಗಳು ಇರುವುದು ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಇದನ್ನು ಹಗುರವಾಗಿ ನೋಡುವಂತಿಲ್ಲ. ಭಾರತದ ತೋಳ ಲೋಕದ ತೋಳಗಳ ವಂಶದಲ್ಲೇ ಬಹು ಹಳೆಯ ಕವಲುಗಳಲ್ಲೊಂದು ಎಂದು ಲಾರೆನ್ ಹೆನ್ನೆಲಿ ಮತ್ತು ಸಂಗಡಿಗರ ಅಧ್ಯಯನ 2021ರಲ್ಲಿ ತೋರಿಸಿತು. ಅಷ್ಟು ಹಳೆಯ ರಕ್ತ ನಮ್ಮ ಜೋಳದ ಹೊಲಗಳ ಅಂಚಿನಲ್ಲಿ ಬೀದಿನಾಯಿಯಲ್ಲಿ ಕರಗಿಹೋಗಬಹುದು. ಮುಂದೆ ಸಮೀಕ್ಷೆಗೆ ಹೋದವರು ಕಂಡದ್ದು ತೋಳವೇ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.

ಎಣಿಕೆಯಿಂದ ಆಗುವುದೇನು ಎಂದು ಕೇಳುವವರಿಗೆ ಬೋರಾಮಣಿಯೇ ಉತ್ತರ. ಸೋಲಾಪುರಕ್ಕೆ ಹೊಸ ವಿಮಾನ ನಿಲ್ದಾಣ ಬೇಕೆಂದು ಇಲ್ಲಿ 500ಕ್ಕೂ ಹೆಚ್ಚು ಹೆಕ್ಟೇರ್ ಭೂಮಿ ಗೊತ್ತುಮಾಡಿದರು. ಅದರ ನಡುವೆ ಸುಮಾರು 33 ಹೆಕ್ಟೇರ್ ಅರಣ್ಯಭೂಮಿ ಸಿಕ್ಕಿಕೊಂಡಿತು. ಎರೆಭೂತದ ನೆಲೆ ಎಂಬ ಮಾತು ಬಂತು, ಅರಣ್ಯ ಅನುಮತಿಯ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. ಊರಿಗೆ ವಿಮಾನ ಬೇಕೆಂದವರ ಆಸೆ ತಪ್ಪಲ್ಲ. ಕಡೆಗೆ ವಿಮಾನಕ್ಕೆ ಹೊಟಗಿ ರಸ್ತೆಯ ಹಳೆಯ ನಿಲ್ದಾಣದಲ್ಲೇ ದಾರಿಯಾಯಿತು. ಅಡ್ಡವಾಗಿದ್ದ ಸಕ್ಕರೆ ಕಾರ್ಖಾನೆಯ ಚಿಮಣಿ 2023ರ ಜೂನ್‌ನಲ್ಲಿ ಉರುಳಿತು, 2025ರಲ್ಲಿ ಗೋವಾಕ್ಕೆ ವಿಮಾನ ಹಾರಿತು. ಇಲ್ಲಿ ಗಮನಿಸಬೇಕಾದದ್ದು ಒಂದು. ಚರ್ಚೆಯೆಲ್ಲ ನಡೆದದ್ದು ಅರಣ್ಯ ಎಂದು ಕಾಗದದಲ್ಲಿ ಬರೆದ 33 ಹೆಕ್ಟೇರಿನ ಮೇಲೆ. ಸುತ್ತಲಿನ ಬೀಳು, ಗಾಯರಾಣ, ಮಡ್ಡಿಯಲ್ಲಿ ಯಾವ ಪ್ರಾಣಿ ಎಷ್ಟಿದೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ಲೆಕ್ಕ ಬರೆದಿಟ್ಟಿಲ್ಲದ ನೆಲ ಖಾಲಿ ನೆಲವಾಗಿಬಿಡುತ್ತದೆ. ನಾಳೆ ಅಲ್ಲಿ ಕಾರ್ಖಾನೆ ಬರಬಹುದು, ಸೌರಫಲಕ ಬರಬಹುದು.

ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಆಗಿದೆ. ಬಹಳ ಒಳ್ಳೆಯ ಕೆಲಸ. ಆದರೆ ಅದರ ಹರವು ಕೆಲವೇ ಚದರ ಕಿಲೋಮೀಟರ್, ಅಷ್ಟೇ. ನೂರು ಚದರ ಕಿಲೋಮೀಟರ್ ಸುತ್ತುವ ಪ್ರಾಣಿಗೆ ಅದು ಮರಿ ಹಾಕುವ ಮನೆಯಾಗಬಹುದು, ಬದುಕಾಗದು. ಉಳಿದ ಬದುಕೆಲ್ಲ ರೈತರ ಹೊಲದಲ್ಲಿ, ಕುರಿಗಳ ಹಿಂದೆ. ಸೋಲಾಪುರದಲ್ಲೂ ಇಂಡಿಯಲ್ಲೂ ಆಳಂದದಲ್ಲೂ ಇದೇ ನಿಜ. ಆದ್ದರಿಂದ ಯಾವುದೇ ಮೇವಿನ ನೆಲವನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ನಾಲ್ಕೂ ಕಾಲದಲ್ಲಿ ನಡೆದು ಎಣಿಸಬೇಕು. ಎಣಿಸುವವರ ಜೊತೆ ಆ ನೆಲದ ಕುರಿಗಾಹಿ ಇರಬೇಕು, ಅವನಿಗೆ ದಿನಗೂಲಿ ಸಿಗಬೇಕು, ವರದಿಯಲ್ಲಿ ಅವನ ಹೆಸರೂ ಬರಬೇಕು. ನಮೂನೆ ಮರಾಠಿಯಲ್ಲೂ ಕನ್ನಡದಲ್ಲೂ ಇರಬೇಕು.

ಓದುಗರ ಕೈಯಲ್ಲೂ ಸ್ವಲ್ಪ ಕೆಲಸವಿದೆ. ಹೊಲದ ಬದುವಿನಲ್ಲಿ ತೋಳ, ಸಣ್ಣ ನರಿ, ಕತ್ತೆಕಿರುಬ ಕಂಡರೆ ದಿನ, ಹೊತ್ತು, ಜಾಗ, ಎಷ್ಟು ಇದ್ದವು ಎಂದು ಒಂದು ವಹಿಯಲ್ಲಿ ಬರೆದಿಡಿ. ಬಿಲ ಕಂಡರೆ ಹತ್ತಿರ ಹೋಗಬೇಡಿ, ಮರಿಗಳನ್ನು ಮುಟ್ಟಬೇಡಿ, ಜಾಗದ ಹೆಸರು ಹಾಕಿ ವಾಟ್ಸಾಪಿನಲ್ಲಿ ಹಂಚಬೇಡಿ. ಗಾಯಗೊಂಡ ಪ್ರಾಣಿ ಕಂಡರೆ ಜನ ಸೇರಿಸದೆ ಅರಣ್ಯ ಇಲಾಖೆಗೆ ತಿಳಿಸಿ. ಮಹಾರಾಷ್ಟ್ರದಲ್ಲಿ ಇಲಾಖೆಯ ಸಹಾಯವಾಣಿಯ ಸಂಖ್ಯೆ 1926.